‘ಹೇಗೂ ಮನೇಲೇ ಇದ್ದೀಯಲ್ಲ’: ಒಂದು ವ್ಯಾಕರಣಾತ್ಮಕ ಸಂಕಥನ

ಪ್ರಸ್ತುತ ಪ್ರಬಂಧವು ‘ಹೇಗೂ ಮನೇಲೇ ಇದ್ದೀಯಲ್ಲ’ ಎಂಬ ವಾಕ್ಯವನ್ನು ಅದರ ಭಾಷಿಕ, ಸಾಂಸ್ಕೃತಿಕ ಹಾಗೂ ಪಾತ್ರೆ-ಪಗಡದ ನೆಲೆಗಳಲ್ಲಿ ಮುಖಾಮುಖಿಯಾಗಿಸುತ್ತ, ಅದರಲ್ಲಿ ಅಂತರ್ಗತವಾಗಿರುವ ಯಜಮಾನಿಕೆಯನ್ನು ನಿರಚನೆಗೊಳಪಡಿಸುವ ವಿನಮ್ರ ಅನುಸಂಧಾನವಾಗಿದೆ. (ಈ ಭಾಷೆ ಕಲಿತದ್ದು ಮಹಿಳಾ ದಿನದ ಒಂದು ವಿಚಾರ ಸಂಕಿರಣದಲ್ಲಿ. ಗೃಹಿಣಿಯ ಶಕ್ತಿರೂಪದ ಬಗ್ಗೆ ಒಂದೂವರೆ ಗಂಟೆ ಮಾತಾಡಿದ ಮಹನೀಯರು ಊಟದ ತಟ್ಟೆಯನ್ನು ಕುರ್ಚಿಯ ಮೇಲೇ ಬಿಟ್ಟು ಹೋದರು.)

ಕ್ಷೇತ್ರಕಾರ್ಯ: ರಾಜ್ಯ ಸರ್ಕಾರ 2021ರಲ್ಲಿ ತನ್ನ ಮಹಿಳಾ ನೌಕರರಿಗೆ 180 ದಿನಗಳ ಶಿಶುಪಾಲನಾ ರಜೆ ಕೊಟ್ಟಿತು. ಅದರಲ್ಲಿ 45 ದಿನಗಳನ್ನು ಸಂಶೋಧಕಿಯು ಏಪ್ರಿಲ್-ಮೇ ತಿಂಗಳಲ್ಲಿ ಬಳಸಿಕೊಂಡಳು. ಹದಿನಾಲ್ಕು ವರ್ಷ ಕಡತ ನೋಡಿದ ಈಕೆ, ಮನೆಯಲ್ಲಿರುವವರಿಗೆ ಮಧ್ಯಾಹ್ನದ ನಿದ್ದೆ ಸಿಗುತ್ತದೆಂಬ ಪೂರ್ವಪಕ್ಷವನ್ನು ನಂಬಿದ್ದಳು. ಎರಡನೆಯ ದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಅದು ಖಂಡನೆಯಾಯಿತು.

ವರ್ಗೀಕರಣ: ಸದರಿ ವಾಕ್ಯವು ಏಳು ಪ್ರಭೇದಗಳಲ್ಲಿ ದೊರೆಯುತ್ತದೆ. ಮೊದಲನೆಯದು ಪ್ರತೀಕ್ಷಾ ಪ್ರಭೇದ. ‘ಹೇಗೂ ಮನೇಲೇ ಇದ್ದೀಯಲ್ಲ, ಸಿಲಿಂಡರ್ ಬರುತ್ತೆ ನೋಡ್ಕೋ.’ ಲಕ್ಷಣ: ಸಿಲಿಂಡರ್ ಬರುವವರೆಗೆ ಸ್ನಾನಕ್ಕೆ ಹೋಗುವಂತಿಲ್ಲ. ಎರಡನೆಯದು ಋತುಮಾನ ಪ್ರಭೇದ. ‘ಹೇಗೂ ಮನೇಲೇ ಇದ್ದೀಯಲ್ಲ, ಒಂದೆರಡು ಕೇಜಿ ಸಬ್ಬಕ್ಕಿ ಸಂಡಿಗೆ ಹಾಕ್ಬಿಡೋಣ’ ಎಂದು ಅತ್ತೆ. ಇಲ್ಲಿ ‘ಹಾಕ್ಬಿಡೋಣ’ ಎಂಬುದು ರೂಪದಲ್ಲಿ ಬಹುವಚನ, ಅರ್ಥದಲ್ಲಿ ಏಕವಚನ. ನಸುಕಿನಲ್ಲೇ ಹಿಟ್ಟು ಗೊಟಾಯಿಸಿ, ಬಿಸಿಲೇರುವ ಮೊದಲು ತಾರಸಿಯಲ್ಲಿ ಸಂಡಿಗೆ ಇಟ್ಟು, ಆಮೇಲೆ ದಿನವಿಡೀ ಕಾಗೆಯೊಂದಿಗೆ ಅನುಸಂಧಾನ. ಮೂರನೆಯದು ನೆಂಟರದು. ನಾಲ್ಕನೆಯದು... ಬಿಡಿ, ಏಳಕ್ಕೂ ಉತ್ತರ ಒಂದೇ, ‘ಹ್ಞೂಂ’.

ವ್ಯಾಕರಣದ ವಿಷಯವೇ ಹೆಚ್ಚು ಸ್ವಾರಸ್ಯದ್ದು. ಮನೆಗೆಲಸದ ಕ್ರಿಯಾಪದಕ್ಕೆ ಕನ್ನಡದಲ್ಲಿ ಕರ್ತೃವೇ ಇಲ್ಲ. ‘ಅಡುಗೆ ಆಯ್ತಾ?’ ‘ಕಾಫಿ ಆಯ್ತಾ?’ ‘ಬಟ್ಟೆ ಒಣಗಿತಾ?’ ಮಳೆಯಾದ ಹಾಗೆ, ಬೆಳಗಾದ ಹಾಗೆ, ಅಡುಗೆಯೂ ತಾನಾಗಿ ಆಗುತ್ತದೆ. ಅದೇ ಮನೆಯಲ್ಲಿ ಭಾನುವಾರ ಒಮ್ಮೊಮ್ಮೆ ‘ನಾನು ಚಿತ್ರಾನ್ನ ಮಾಡಿದೆ’ ಎಂಬ ಪ್ರಯೋಗ ಕೇಳಿಬರುತ್ತದೆ. ಅಲ್ಲಿ ಕರ್ತೃ ಇದ್ದಾನೆ, ಪ್ರಥಮಾ ವಿಭಕ್ತಿಯಲ್ಲಿ, ಫೋಟೊ ಸಮೇತ.

ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸಕ್ಕೆ ಕೈಹಾಕುವವರಲ್ಲಿ ಹೆಂಗಸರು ದಿನಕ್ಕೆ 289 ನಿಮಿಷ ದುಡಿದರೆ ಗಂಡಸರು 88 ನಿಮಿಷ. ಚಿತ್ರಾನ್ನ ಆ 88ರೊಳಗೆ ಬಂತು.

2001ರ ಜನಗಣತಿ ಗೃಹಿಣಿಯರನ್ನು ಭಿಕ್ಷುಕರು, ಕೈದಿಗಳ ಜೊತೆ ‘ಕೆಲಸ ಮಾಡದವರು’ ಎಂಬ ಒಂದೇ ಗುಂಪಿಗೆ ಸೇರಿಸಿತ್ತು. 2010ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿ ಟೀಕಿಸಿತು. ಯಾವ ಮೊಕದ್ದಮೆಯಲ್ಲಿ? ಅಪಘಾತದಲ್ಲಿ ತೀರಿಕೊಂಡ ಒಬ್ಬ ಗೃಹಿಣಿಯ ಪರಿಹಾರದ ಮೊಕದ್ದಮೆಯಲ್ಲಿ. ಬದುಕಿದ್ದಾಗ ಯಾರೂ ಬೆಲೆ ಕಟ್ಟದ ದುಡಿಮೆಗೆ, ಲಾರಿಯೋ ಕಾರೋ ಗುದ್ದಿದ ಮೇಲೆ ವಕೀಲರು ಕೂತು ತಿಂಗಳಿಗೆ ಇಷ್ಟು ಎಂದು ಲೆಕ್ಕ ಹಾಕುತ್ತಾರೆ. ಇದಕ್ಕೆ ನಿರಚನೆ ಗಿರಚನೆ ಏನೂ ಬೇಡ. ಹೊಟ್ಟೆ ಉರಿಯುತ್ತದೆ, ಅಷ್ಟೆ.

2011ರ ಜನಗಣತಿಗೆ ನಮ್ಮೂರಿನ ಮನೆಗೆ ಮೇಷ್ಟ್ರೊಬ್ಬರು ಬಂದಿದ್ದರು. ‘ನಿಮ್ಮ ಕೆಲಸ ಏನಮ್ಮಾ?’ ಅಂದರು. ಅಮ್ಮ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸುತ್ತ, ‘ನಂದೇನಿಲ್ಲ ಸಾರ್, ಮನೇಲೇ ಇರ್ತೀನಿ’ ಅಂದಳು. ನಾನು ಪಕ್ಕದಲ್ಲೇ ಕೂತಿದ್ದೆ. ತಿದ್ದಲಿಲ್ಲ. ತಿದ್ದಬೇಕಾದದ್ದು ಏನಾದರೂ ಇದೆ ಎಂದೇ ಆಗ ಅನ್ನಿಸಿರಲಿಲ್ಲ.

ರಜೆ ಮುಗಿದು ಜೂನ್‌ನಲ್ಲಿ ಕಚೇರಿಗೆ ಹೋದೆ. ಕಾಫಿಯನ್ನು ಬಿಸಿಯಿರುವಾಗಲೇ ಕುಡಿದೆ. ಲೋಟ ಬೇರೆ ಯಾರೋ ತೊಳೆದರು. ಮಕ್ಕಳನ್ನು ನೋಡಿಕೊಳ್ಳಲು ಊರಿಂದ ಅಮ್ಮ ಬಂದಿದ್ದಾಳೆ. ಅವಳಿಗೀಗ ಅರವತ್ತೊಂಬತ್ತು. ಮೊದಲ ದಿನ ಸಂಜೆ ಸುಸ್ತಾಗಿ ಮನೆಗೆ ಬಂದು, ಹೊಸಿಲಲ್ಲಿ ಚಪ್ಪಲಿ ಬಿಡುತ್ತ ನಾನು ಅವಳನ್ನು ಕೇಳಿದ್ದು: ‘ಅಮ್ಮಾ, ಅಡುಗೆ ಆಯ್ತಾ?’