ಟೆಲಿ ಲೆನ್ಸು ಮತ್ತು ಮಳಖೇಡದ ಮುತ್ಯಾ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಕಡೆಗೆ ಬರುವವರಿಗೆಲ್ಲ ಒಂದೊಂದು ಕಾರಣ ಇರುತ್ತದೆ. ಸಿಮೆಂಟಿಗೆ ಬರುತ್ತಾರೆ, ಪರ್ಸಿ ಕಲ್ಲಿಗೆ ಬರುತ್ತಾರೆ, ತೊಗರಿಗೆ ಬರುತ್ತಾರೆ, ವರ್ಗಾವಣೆಯಾಗಿ ಗೊಣಗುತ್ತ ಬರುತ್ತಾರೆ. ಕುತ್ತಿಗೆಗೆ ಕ್ಯಾಮೆರಾ ಹಾಕಿಕೊಂಡು ಸುಮ್ಮನೆ ಅಡ್ಡಾಡುವವನನ್ನು ಕಂಡರೆ ಮಾತ್ರ ಜನಕ್ಕೆ ಮೂರು ಅನುಮಾನ. ಒಂದೋ ಅವನು ಹೊಲ ಅಳೆಯಲು ಬಂದ ಸರ್ವೇದವನು, ಇಲ್ಲವೇ ಟೀವಿಯವನು, ಅದೂ ಅಲ್ಲದಿದ್ದರೆ ಕೆಲಸವಿಲ್ಲದವನು. ಮೊದಲ ಇಬ್ಬರಿಗೆ ಚಹಾ ಸಿಗುತ್ತದೆ. ಮೂರನೆಯವನಿಗೆ ಚಹಾದ ಜೊತೆ ಬುದ್ಧಿಮಾತೂ ಸಿಗುತ್ತದೆ. ನಾನು ಎರಡನ್ನೂ ಬಿಸಿಬಿಸಿಯಾಗಿಯೇ ಕುಡಿದವನು.

ಕೆಲಸವಿಲ್ಲದವನ ಕಣ್ಣು ಯಾವಾಗಲೂ ದೂರದಲ್ಲೇ ಇರುತ್ತದೆ. ವಾಡಿ ಜಂಕ್ಷನ್ನಿನ ಹಳಿಗಳು ಒಂದಕ್ಕೊಂದು ಹೆಣೆದುಕೊಳ್ಳುವ ಆ ತುದಿ, ಶಹಾಬಾದಿನ ಖಣಿಯ ತಳದಲ್ಲಿ ಉಳಿ ಸುತ್ತಿಗೆ ಹಿಡಿದು ಕಲ್ಲಿನ ಪದರ ಬಿಡಿಸುವವರು, ಕಾಗಿಣಾದ ಆಚೆ ದಂಡೆಯಲ್ಲಿ ನೀರಿಗಿಳಿದ ಎಮ್ಮೆಗಳು, ಇವೆಲ್ಲ ಮೊಬೈಲಿನಲ್ಲಿ ಚುಕ್ಕಿಗಳಾಗುತ್ತವೆ. ಅದಕ್ಕೇ ಟೆಲಿ ಲೆನ್ಸು ಬೇಕೆನಿಸಿದ್ದು.

ಸ್ಟುಡಿಯೋ ಇಟ್ಟಿರುವ ಗೆಳೆಯರೊಬ್ಬರು ಮದುವೆಗಳಿಗೆ ಬಳಸುವ 70-200ರ ಲೆನ್ಸನ್ನು ಒಂದು ದಿನದ ಮಟ್ಟಿಗೆ ಕೊಟ್ಟರು. ತೂಕ ಸುಮಾರು ಒಂದೂವರೆ ಕಿಲೋ, ಬಣ್ಣ ಬಿಳಿ. ಅದನ್ನು ಹಿಡಿದು ವಾಡಿಯಲ್ಲಿ ಇಳಿದೆ. ವಾಡಿ ಎಂದರೆ ಸಾಮಾನ್ಯ ಸ್ಟೇಷನ್ ಅಲ್ಲ. ಮುಂಬಯಿಯಿಂದ ಮದ್ರಾಸಿನತ್ತ ಹೋಗುವ ಹಳಿಗೆ 1874ರಲ್ಲಿ ನಿಜಾಮರ ರೈಲು ಬಂದು ಕೂಡಿಕೊಂಡ ಜಾಗ. ಅಂದಿನಿಂದ ಇಂದಿನವರೆಗೂ ಅಲ್ಲಿ ಯಾರಾದರೊಬ್ಬರು ಗಾಡಿ ಬದಲಿಸಲು ಕಾಯುತ್ತಲೇ ಇರುತ್ತಾರೆ, ಕಾಯುವವರಿಗೆ ಮಾತಾಡಲು ಏನಾದರೂ ಬೇಕಾಗಿರುತ್ತದೆ. ಲೆನ್ಸಿನ ಮುಚ್ಚಳ ತೆಗೆಯುವಷ್ಟರಲ್ಲಿ ಸುತ್ತ ಜನ ಕೂಡಿದರು. ಒಬ್ಬರು ಬಹಳ ಹೊತ್ತು ಅದನ್ನೇ ದಿಟ್ಟಿಸಿ ಕೇಳಿದರು: "ಇದರಾಗ ಹೈದರಾಬಾದ ಕಾಣಸ್ತದೇನ್ರಿ?"

ಕಾಣುವುದಿಲ್ಲ ಎಂದೆ. "ಮತ್ಯಾಕ ಇಷ್ಟ್ ದೊಡ್ಡದ್ ಹೊತ್ಕೊಂಡ್ ತಿರಗ್ತೀರಿ?" ಎಂದರು. ಈ ಪ್ರಶ್ನೆಗೆ ಲೆನ್ಸ್ ಮಾಡಿದ ಜಪಾನಿನವರ ಬಳಿಯೂ ಉತ್ತರ ಇರಲಾರದು. ಹಳಿಯ ಫೋಟೋ ಒಂದೂ ಬರಲಿಲ್ಲ. ನನ್ನನ್ನು ಸುತ್ತುವರಿದವರ ಫೋಟೋ ಅವರ ಮೊಬೈಲುಗಳಲ್ಲಿ ಬೇಕಾದಷ್ಟು ಬಂದವು, ಎಲ್ಲದರ ನಡುವೆ ಆ ಬಿಳಿ ಲೆನ್ಸು.

ಗೆಳೆಯರಿಗೆ ಲೆನ್ಸ್ ಮರಳಿಸುವಾಗ ನನ್ನ ಬೇಡಿಕೆ ಪಟ್ಟಿ ಸಿದ್ಧವಾಗಿತ್ತು. ಸಣ್ಣದಿರಬೇಕು, ಹಗುರಿರಬೇಕು, ಸೋವಿ ಇರಬೇಕು. ಅವರು ಪಟ್ಟಿ ಕೇಳಿ, "ಸರ, ಅಂಥಾದ್ದು ಈಗ ಯಾರೂ ಮಾಡಂಗಿಲ್ರಿ. ಹಳೇದ್ ನೋಡ್ರಿ" ಎಂದರು. ಹಳೆಯದೆಂದರೆ ಫಿಲ್ಮ್ ಕಾಲದ, ಕೈಯಿಂದಲೇ ಫೋಕಸ್ ತಿರುಗಿಸುವ ಲೋಹದ ಲೆನ್ಸು.

ನೋಡುತ್ತ ಹೋದರೆ ಜಗತ್ತಿನ ತುಂಬ 135 ಮಿ.ಮೀ. ಲೆನ್ಸುಗಳೇ. ಇದಕ್ಕೂ ಒಂದು ಕಥೆ ಇದೆ. ಲೈಕಾದಂಥ ರೇಂಜ್‌ಫೈಂಡರ್ ಕ್ಯಾಮೆರಾದ ಕಾಲದಲ್ಲಿ ನೆಚ್ಚಿಕೊಂಡು ಫೋಕಸ್ ಮಾಡಬಹುದಾದ ಕಡೆಯ ಅಳತೆ ಹೆಚ್ಚುಕಡಿಮೆ 135. ಮುಂದೆ ಎಸ್ಎಲ್ಆರ್ ಬಂದಾಗ ಆ ಮಿತಿ ಹೋಯಿತು, ಅಳತೆ ಮಾತ್ರ ಉಳಿಯಿತು. 1960, 70ರ ದಶಕಗಳಲ್ಲಿ ಕ್ಯಾಮೆರಾ ಕೊಂಡವರು ಎರಡನೆಯ ಲೆನ್ಸ್ ಎಂದು ಕಣ್ಣುಮುಚ್ಚಿ 135 ಕೊಂಡರು. ಪೆಂಟಾಕ್ಸ್, ನಿಕಾನ್, ಕ್ಯಾನನ್, ಮಿನೋಲ್ಟಾ, ಒಲಿಂಪಸ್ ಎಲ್ಲರೂ ಮಾಡಿದರು. ಪೂರ್ವ ಜರ್ಮನಿಯ ಯೇನಾದಲ್ಲಿ ಸೊನ್ನಾರ್ ಬಂತು, ಸೋವಿಯತ್ ದೇಶದಲ್ಲಿ ಜುಪಿಟರ್ ಬಂತು. ಆಮೇಲೆ ಜೂಮ್ ಲೆನ್ಸುಗಳು ಬಂದವು, 135ಗಳು ಅಲಮಾರು ಸೇರಿದವು. ಹೆಚ್ಚು ಮಾಡಿದ್ದು, ಕಡಿಮೆ ಬಳಸಿದ್ದು: ಸೋವಿ ಸಿಗಲು ಇನ್ನೇನು ಬೇಕು?

2008ರಲ್ಲಿ ಮಿರರ್‌ಲೆಸ್ ಕ್ಯಾಮೆರಾ ಬಂದ ಮೇಲೆ ಈ ಅಲಮಾರುಗಳ ಬಾಗಿಲು ತೆರೆದವು. ಒಳಗಿನ ಕನ್ನಡಿ ಹೋದದ್ದರಿಂದ ಸೆನ್ಸರಿಗೂ ಲೆನ್ಸಿಗೂ ನಡುವೆ ಬೇಕಾದ ಅಂತರ ಕಡಿಮೆಯಾಯಿತು. ಉಳಿದ ಜಾಗಕ್ಕೆ ಒಂದು ಬಳೆಯಂಥ ಅಡಾಪ್ಟರ್ ಹಾಕಿದರೆ ಯಾವ ದೇಶದ, ಯಾವ ಕಾಲದ ಲೆನ್ಸೂ ಕೂರುತ್ತದೆ. ನನ್ನದು ಸಣ್ಣ ಸೆನ್ಸರಿನ ಕ್ಯಾಮೆರಾ ಆದ್ದರಿಂದ 135 ಹಾಕಿದರೆ ನೋಟ 200ರದು. ಅರವತ್ತೈದು ಮಿಲಿಮೀಟರ್ ಪುಕ್ಕಟೆ.

ಸಂಡೂರಿನ ಎಂ.ವೈ. ಘೋರ್ಪಡೆಯವರು ರಾಜ್ಯದ ಹಣಕಾಸು ಮಂತ್ರಿಯಾಗಿದ್ದವರು, ವನ್ಯಜೀವಿ ಛಾಯಾಗ್ರಹಣದಲ್ಲೂ ದೊಡ್ಡ ಹೆಸರು. ಹಣಕಾಸು ಖಾತೆ ಮತ್ತು ಕ್ಯಾಮೆರಾ ಎರಡೂ ಒಂದೇ ಕೈಯಲ್ಲಿದ್ದ ಅಪರೂಪದ ಉದಾಹರಣೆ ಅದು. ನಮ್ಮ ಮನೆಯಲ್ಲಿ ಖಾತೆಗಳು ಬೇರೆ ಬೇರೆ. ಹೆಂಡತಿ ಮಂಜೂರು ಮಾಡಿದ ಮೊತ್ತದಲ್ಲಿ ನಾಲ್ಕು ಅಂಕಿಗಳಿದ್ದವು ಎಂದಷ್ಟೇ ಹೇಳಬಲ್ಲೆ. ಮೊದಲ ಅಂಕಿ ಯಾವುದೆಂದು ಹೇಳಿದರೆ ಓದುಗರು ಮರುಕಪಡುತ್ತಾರೆ.

ಆ ಮೊತ್ತ ಹಿಡಿದು ಹೈದರಾಬಾದಿನ ಕೋಠಿಗೆ ಹೋದೆ. ಹಳೆಯ ಲೆನ್ಸ್ ಪರೀಕ್ಷೆಗೆ ಬೇಕಾದದ್ದು ಮೊಬೈಲಿನ ಟಾರ್ಚು ಮತ್ತು ಗಟ್ಟಿ ಮುಖ. ಹಿಂದಿನಿಂದ ಬೆಳಕು ಬಿಟ್ಟು ಮುಂದಿನಿಂದ ನೋಡಬೇಕು. ಒಳಗೆ ಜೇಡರ ಬಲೆ ಹರಡಿದ್ದರೆ ಬೂಸರ. ಎಲ್ಲ ಮಂಜುಮಂಜಾಗಿದ್ದರೆ ಹೇಜ್. ಅಪರ್ಚರಿನ ಎಲೆಗಳ ಮೇಲೆ ಎಣ್ಣೆ ಮಿನುಗುತ್ತಿದ್ದರೆ ಫೋಕಸ್ ಬಳೆಯ ಗ್ರೀಸು ಬಿಸಿಗೆ ಕರಗಿ ಅಲ್ಲಿಗೆ ಇಳಿದಿದೆ ಎಂದರ್ಥ. ಮುಂಬಯಿ, ಮಂಗಳೂರಿನ ತೇವದಲ್ಲಿ ಬಾಳಿದ ಲೆನ್ಸಿಗೆ ಬೂಸರದ ಕಾಟ, ನಮ್ಮ ಬಿಸಿಲಲ್ಲಿ ಬಾಳಿದ್ದಕ್ಕೆ ಎಣ್ಣೆ ಧೂಳುಗಳ ಕಾಟ. ಅಂಗಡಿಯವರಿಗೆ ಮಾತ್ರ ಈ ಪ್ರಾದೇಶಿಕ ಭೇದ ಇಲ್ಲ. ಬೂಸರ ತೋರಿಸಿದರೂ ಎಣ್ಣೆ ತೋರಿಸಿದರೂ ಒಂದೇ ಉತ್ತರ: "ಫೋಟೋ ಮೇ ನೈ ಆತಾ ಸಾಬ್."

ಅಲ್ಲಿ 500 ಮಿ.ಮೀ.ಯ ಕನ್ನಡಿ ಲೆನ್ಸೊಂದು ಕಣ್ಣಿಗೆ ಬಿತ್ತು. ಬೆಳಕನ್ನು ಕನ್ನಡಿಗಳಲ್ಲಿ ಮಡಚಿ ಮಡಚಿ ತರುವುದರಿಂದ 500 ಆದರೂ ಗಿಡ್ಡ, ಬೆಲೆಯೂ ಕೈಗೆಟುಕುವಂತಿತ್ತು. ಆಸೆಯಾಯಿತು. ಆದರೆ ಅದರ ನಡುವೆ ಕೂತ ಸಣ್ಣ ಕನ್ನಡಿಯ ದೆಸೆಯಿಂದ ಹಿನ್ನೆಲೆಯ ಹೊಳಪುಗಳೆಲ್ಲ ಉಂಗುರಗಳಾಗುತ್ತವೆ. ಬಿಸಿಲಲ್ಲಿ ಹೊಳೆಯುವ ಕಾಗಿಣಾ ನದಿಯನ್ನು ಅದರಲ್ಲಿ ತೆಗೆದರೆ ನದಿ ತುಂಬ ಉದ್ದಿನ ವಡೆ ತೇಲಿಬಂದಂತೆ ಕಾಣುತ್ತದೆ. ಇತಿಹಾಸ ಪ್ರಸಿದ್ಧ ನದಿಗೆ ಈ ಗತಿ ಬೇಡವೆಂದು ಬಿಟ್ಟೆ.

500 ಬೇಡವೆನ್ನಲು ಇನ್ನೂ ದೊಡ್ಡ ಕಾರಣ ನಮ್ಮ ಬಿಸಿಲು. ಮೇ ತಿಂಗಳಲ್ಲಿ 42, 43 ಡಿಗ್ರಿ ಕಾಯುವ ನೆಲವಿದು. ಕಾದ ಪರ್ಸಿ ಕಲ್ಲಿನ ಮೇಲಿನ ಗಾಳಿ ಪದರಪದರವಾಗಿ ಏಳುತ್ತದೆ, ಒಂದೊಂದು ಪದರವೂ ಬೆಳಕನ್ನು ತನಗೆ ತಿಳಿದತ್ತ ಬಾಗಿಸುತ್ತದೆ. ಮುಂಜಾನೆ ಹತ್ತರಿಂದ ಸಂಜೆ ಐದರವರೆಗೆ ದೂರದ ಚಿಮಣಿ, ಲಾರಿ, ಮನುಷ್ಯ ಎಲ್ಲ ನಡುಗುತ್ತಲೇ ಇರುತ್ತಾರೆ. ಲೆನ್ಸ್ ಉದ್ದವಾದಷ್ಟೂ ದೊಡ್ಡದಾಗುವುದು ಆ ನಡುಕವೇ. ಬಿಸಿಲ್ಗುದುರೆಯನ್ನು ಹತ್ತಿರ ತಂದು ಏನು ಮಾಡುವುದು? 200 ಮಿ.ಮೀ.ಗೂ ಇದೇ ತೀರ್ಪು ಕೊಟ್ಟು ಪಟ್ಟಿಯಿಂದ ಹೊಡೆದುಹಾಕಿದೆ.

ಉಳಿದದ್ದು 135 ಮತ್ತು ಅದರ ತಮ್ಮ 100. ಇಲ್ಲಿಗೆ ಬಂದ ಮೇಲೆ ಟೆಲಿ ಲೆನ್ಸಿನ ವಿವರಪಟ್ಟಿಯಲ್ಲಿ ಯಾರೂ ಓದದ ಒಂದು ಸಾಲು ನನ್ನ ಕಣ್ಣಿಗೆ ದೊಡ್ಡದಾಗಿ ಕಾಣತೊಡಗಿತು. ಲೆನ್ಸ್ ಎಷ್ಟು ಹತ್ತಿರದವರೆಗೆ ಫೋಕಸ್ ಆಗುತ್ತದೆ ಎಂಬ ಸಾಲು ಅದು. ಟೆಲಿ ಕೊಳ್ಳುವವರೆಲ್ಲ ಎಷ್ಟು ದೂರ ಎಂದು ಕೇಳುತ್ತಾರೆ. ನಮ್ಮ ಕಡೆ ತಿರುಗಾಡುವವನು ಎಷ್ಟು ಹತ್ತಿರ ಎಂದು ಕೇಳಬೇಕು. ಇಲ್ಲಿ ದೂರ ಎಂಬುದು ಬಹಳ ಹೊತ್ತು ಉಳಿಯುವುದಿಲ್ಲ.

ಶಹಾಬಾದಿನ ಖಣಿಯನ್ನೇ ನೋಡಿ. ಮೇಲೆ ನಿಂತು ಕೆಳಗಿನವರನ್ನು ಸಹಜವಾಗಿ, ಅವರಿಗೆ ತಿಳಿಯದಂತೆ ತೆಗೆಯಬೇಕೆಂದು ಹೊಂಚು ಹಾಕುತ್ತೇವೆ. ಕಲ್ಲಿನ ಅಂಚಿಗೆ ಉಳಿ ಇಟ್ಟು ಮೆಲ್ಲಗೆ ಬಡಿಯುತ್ತ ಬಂದವನು ಕಿವಿಗೊಟ್ಟು ಸದ್ದು ಕೇಳುತ್ತಾನೆ. ಸದ್ದು ಬದಲಾದ ಕ್ಷಣ ಮುಂಗೈ ತಿರುಗಿಸುತ್ತಾನೆ, ಹಾಸುಗಲ್ಲಿನಷ್ಟು ಅಗಲದ ಪದರ ಎದ್ದು ಬರುತ್ತದೆ. ಅದೇ ಬೇಕಾದ ಫೋಟೋ. ಅಷ್ಟರಲ್ಲಿ ಅವನು ತಲೆಯೆತ್ತಿ, "ಅಲ್ಯಾಕ ನಿಂತೀರಿ, ಕೆಳಗ ಬರ್ರಿ, ನೆಳ್ಳದ" ಎಂದು ಕೂಗುತ್ತಾನೆ. ಕೆಳಗೆ ಹೋದರೆ ಬುತ್ತಿ ಬಿಚ್ಚುತ್ತಾನೆ. ಜೋಳದ ರೊಟ್ಟಿ, ಶೇಂಗಾ ಹಿಂಡಿ ನಡುವೆ ಇಟ್ಟುಕೊಂಡು ಎದುರುಬದುರು ಕೂತವರ ನಡುವಿನ ಅಂತರ ಎಷ್ಟು? ಒಂದು ಮೀಟರು. ಪೆಂಟಾಕ್ಸಿನ ಟಕುಮಾರ್ 135 ಕೇಳುವುದು ಒಂದೂವರೆ ಮೀಟರು. ಅರ್ಧ ಮೀಟರು ಹಿಂದೆ ಸರಿದರೆ ರೊಟ್ಟಿ ಕೊಟ್ಟವನಿಗೆ ಅವಮಾನ.

ಚಿತ್ತಾಪುರ ತಾಲೂಕಿನ ಸನ್ನತಿಯ ಪಾಠವೂ ಇದೇ. ಅಶೋಕನ ಶಾಸನ ಹುಡುಕುವವರು ಬೆಟ್ಟ, ಬಂಡೆ ಎಂದು ದೂರಕ್ಕೆ ಕಣ್ಣು ಹಾಯಿಸುವುದು ರೂಢಿ. ಇಲ್ಲಿ ಚಂದ್ರಲಾಂಬೆಯ ಗುಡಿಯ ಆವರಣದಲ್ಲಿ ಕಾಳಿಯ ವಿಗ್ರಹ ನಿಂತಿದ್ದ ಕಲ್ಲೇ ಶಾಸನವಾಗಿತ್ತು. 1986ರಲ್ಲಿ ಚಾವಣಿ ಕುಸಿದು ಅದು ಬೆಳಕಿಗೆ ಬರುವವರೆಗೆ ಜನ ಅದರ ಮುಂದೆಯೇ ಕೈಮುಗಿದು ನಿಲ್ಲುತ್ತಿದ್ದರು. ಪಕ್ಕದ ಕನಗನಹಳ್ಳಿಯ ಸ್ತೂಪದಲ್ಲಿ ಅಶೋಕನ ಮೂರ್ತಿಯೇ ಸಿಕ್ಕಿತು, ಜೊತೆಗೆ ಬ್ರಾಹ್ಮಿಯಲ್ಲಿ ಕೊರೆದ ಅವನ ಹೆಸರು. ಅಷ್ಟು ದೊಡ್ಡ ಚಕ್ರವರ್ತಿಯ ಹೆಸರು ಕೂತಿರುವುದು ಕಲ್ಲಿನ ಸಣ್ಣದೊಂದು ಪಟ್ಟಿಯಲ್ಲಿ. 100 ಮಿ.ಮೀ. ಲೆನ್ಸು ಒಂದು ಮೀಟರು ದೂರದಿಂದ ಗೇಣಗಲದ ಜಾಗವನ್ನು ಚೌಕಟ್ಟಿನ ತುಂಬ ತುಂಬಿಕೊಡುತ್ತದೆ. ಅಕ್ಷರ ಓದುವವನಿಗೆ ಅದು ಸಾಕು.

ಹೀಗೆ 135ಗಳನ್ನು ಸಾಲಾಗಿ ನಿಲ್ಲಿಸಿ ಹತ್ತಿರದ ಪರೀಕ್ಷೆ ಇಟ್ಟೆ. ಟಕುಮಾರ್, ಒಲಿಂಪಸ್ಸಿನ ಜುಯಿಕೋ 135 ಎರಡೂ ಒಂದೂವರೆ ಮೀಟರಿಗೆ ಸುಸ್ತಾದವು. ಹನ್ನೆರಡು ಎಲೆಗಳ ಅಪರ್ಚರಿನ ಜುಪಿಟರ್-37ಎ ಒಂದು ಮೀಟರು ಇಪ್ಪತ್ತು ಸೆಂಟಿಮೀಟರಿನವರೆಗೆ ಬಂತು. ಯೇನಾದ ಸೊನ್ನಾರ್ ಒಂದು ಮೀಟರಿಗೆ ಬಂದು ಮನಸೆಳೆಯಿತು, ಆದರೆ ತೂಕ ನಾನೂರು ಗ್ರಾಂ ಮೀರಿತು. ಕಡೆಗೆ ಗೆದ್ದದ್ದು ಒಲಿಂಪಸ್ಸಿನ ಜುಯಿಕೋ 100, ಅಪರ್ಚರ್ 2.8. 1970ರ ದಶಕದಲ್ಲಿ ಯೊಶಿಹಿಸಾ ಮೈತಾನಿ ಎಂಬವರು ಕ್ಯಾಮೆರಾ ಲೆನ್ಸು ಎಲ್ಲವನ್ನೂ ಸಣ್ಣದು ಮಾಡಬೇಕೆಂದು ಹಟ ಹಿಡಿದ ಕಾಲದ ಕೂಸು. ಉದ್ದ ಐದು ಸೆಂಟಿಮೀಟರಿಗೂ ಕಡಿಮೆ, ತೂಕ 230 ಗ್ರಾಂ, ಫೋಕಸ್ ಒಂದು ಮೀಟರಿನಿಂದ. ಅದಕ್ಕೆ ಹಾಕಬೇಕಾದ ಅಡಾಪ್ಟರ್ ಲೆನ್ಸಿನ ಅರ್ಧಕ್ಕಿಂತಲೂ ಉದ್ದ. ಇರಲಿ, ಒಳ್ಳೆಯ ಸಂಬಂಧ ಕುದುರಬೇಕಾದರೆ ನಡುವಿನವರು ಸ್ವಲ್ಪ ಜಾಗ ತಿನ್ನುತ್ತಾರೆ.

ಗೆಳೆಯರು ನೋಡಿ, "ಸರ, ಇದು ಟೆಲೀನಾ?" ಎಂದು ನಕ್ಕರು. ಚಿಂಚೋಳಿಗೆ ಬಂದರೆ ತೋರಿಸುತ್ತೇನೆ ಎಂದೆ. 2011ರಲ್ಲಿ ವನ್ಯಧಾಮವಾದ ಅಲ್ಲಿಯ ಕಾಡಿನಲ್ಲಿ ತೋಳ, ಕತ್ತೆಕಿರುಬ, ಕೃಷ್ಣಮೃಗಗಳಿವೆ. ನೂರರ ಲೆನ್ಸಿನಲ್ಲಿ ಅವೆಲ್ಲ ಗೌರವಯುತ ಅಂತರದಲ್ಲೇ ಉಳಿಯುತ್ತವೆ. ಚಂದ್ರಂಪಳ್ಳಿ ಜಲಾಶಯದ ದಂಡೆಯಲ್ಲಿ ಗೆಳೆಯರು ಒಂದೂವರೆ ಕಿಲೋ ಎತ್ತಿ ಹಕ್ಕಿಗೆ ಗುರಿಯಿಟ್ಟು ಬೆವರುತ್ತಿದ್ದಾಗ, ಹಿಂದಿನಿಂದ ಬಂದ ತಾಂಡಾದ ಆಯಿಯೊಬ್ಬಳು ನನ್ನ ಪಕ್ಕವೇ ನಿಂತು, "ನಂದೊಂದ್ ತಗಿ. ಕಾಪಿ ಮಾತ್ರ ಕೊಡಬೇಕ್ ನೋಡ್" ಎಂದಳು. ತೆಗೆದೆ. ಅವಳ ಕುಪ್ಪಸದ ಕನ್ನಡಿ ಚೂರುಗಳಲ್ಲಿ ಜಲಾಶಯವೂ ಬಂತು, ಬೆವರುತ್ತಿದ್ದ ಗೆಳೆಯರೂ ಬಂದರು. ಕಾಪಿ ಕೊಡಲು ಹೋದಾಗ ತಾಂಡಾದ ಉಳಿದವರೂ ಸೀರೆ ಬದಲಿಸಿ ಸಿದ್ಧರಾಗಿದ್ದರು.

ಇಷ್ಟಾದ ಮೇಲೆ ನನ್ನ ಆಯ್ಕೆಗೆ ಸರಿಸಾಟಿ ಇಲ್ಲವೆಂದು ಹೇಳಿಬಿಡಬಹುದಿತ್ತು. ಆದರೆ ಮಳಖೇಡದ ಮುತ್ಯಾ ಒಬ್ಬರು ಬಾಕಿ ಇದ್ದರು. ಸೇಡಂ ತಾಲೂಕಿನ ಈ ಊರು ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ನೃಪತುಂಗನ ಆಸ್ಥಾನದಲ್ಲಿ ಕವಿರಾಜಮಾರ್ಗ ಹುಟ್ಟಿದ ನೆಲ. ಕೋಟೆಯ ಮೇಲಿಂದ ಒಂದು ಕಡೆ ಕಾಗಿಣಾ, ಇನ್ನೊಂದು ಕಡೆ ಸಿಮೆಂಟ್ ಕಾರ್ಖಾನೆಯ ಚಿಮಣಿಗಳು. ನಡುವಿನ ಗೋಡೆಯ ನೆರಳಲ್ಲಿ ಮುತ್ಯಾ ಕೂತಿದ್ದರು. ಬಿಳಿ ಪಟಗ, ಬಿಳಿ ಮೀಸೆ. ಫೋಟೋ ತೆಗೆಯಲೇ ಎಂದು ಕೇಳಿದೆ. "ತಡಿ ತಮ್ಮಾ" ಎಂದು ಎದ್ದರು.

ನಾನು ಒಂದು ಮೀಟರಿಗೆ ಫೋಕಸ್ ಹಿಡಿದು ನಿಂತೆ. ಮುತ್ಯಾ ಒಂದು ಮೀಟರು ದಾಟಿದರು. ಅರ್ಧ ಮೀಟರು ದಾಟಿದರು. ನೇರ ಲೆನ್ಸಿನ ಮುಂದೆ ಬಂದು, ಬಗ್ಗಿ, ಮುಂಗಾಜಿನಲ್ಲಿ ತಮ್ಮ ಮುಖ ನೋಡಿಕೊಂಡು, ಪಟಗ ಎಡಕ್ಕೆ ವಾಲಿದ್ದನ್ನು ಸರಿಪಡಿಸಿ, ಮೀಸೆಯ ಎರಡೂ ತುದಿ ಹುರಿ ಮಾಡಿ, ಅಲ್ಲಿಂದ ಕದಲದೆ ಹೇಳಿದರು: "ಹ್ಞಾಂ, ಈಗ ತಗಿ."

ಗೇಣು ದೂರದ ಮೀಸೆಯನ್ನು ಫೋಕಸ್ ಮಾಡಬಲ್ಲ ಟೆಲಿ ಲೆನ್ಸ್ ಆ ಮೈತಾನಿಯವರ ಕನಸಿನಲ್ಲೂ ಬಂದಿರಲಾರದು. ಇದಕ್ಕೆ ಎಕ್ಸ್‌ಟೆನ್ಷನ್ ಟ್ಯೂಬ್ ಎಂಬುದೊಂದು ಇದೆ. ಲೆನ್ಸಿಗೂ ಕ್ಯಾಮೆರಾಕ್ಕೂ ನಡುವೆ ಸೇರಿಸುವ ಖಾಲಿ ಕೊಳವೆ. ಲೆನ್ಸನ್ನು ಮುಂದಕ್ಕೆ ದೂಡಿ ಹತ್ತಿರದ ಫೋಕಸ್ಸನ್ನು ಇನ್ನೂ ಹತ್ತಿರ ತರುತ್ತದೆ, ದೂರದ್ದನ್ನು ಕಳೆಯುತ್ತದೆ. ಮನೆಯಲ್ಲಿ ಹಣಕಾಸು ಖಾತೆಯ ಮುಂದೆ ಪೂರಕ ಬೇಡಿಕೆ ಇಟ್ಟೆ. ಬೆಲೆ ಕಡಿಮೆ, ಹಗುರ, ಒಳಗೆ ಗಾಜೇ ಇಲ್ಲದ್ದರಿಂದ ಬೂಸರದ ಹೆದರಿಕೆಯೂ ಇಲ್ಲ ಎಂದು ವಿವರಿಸಿದೆ.

ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಕೇಳಿದಳು: "ಇಷ್ಟ್ ದಿನ ಗಾಜಿಗಿ ರೊಕ್ಕ ಕೊಟ್ರಿ. ಈಗ ಟೊಳ್ಳಿಗೂ ಕೊಡ್ತೀರೇನು?"