ನಕ್ಷತ್ರ ಎಣಿಸದೆ ಉಣ್ಣುವ ಊರು

ಫ್ರಾನ್ಸಿಗೆ ಹೋದವರು ಒಳ್ಳೆಯ ಊಟಕ್ಕಾಗಿ ಪ್ಯಾರಿಸ್ಸಿನಲ್ಲಿ ನಕ್ಷತ್ರ ಎಣಿಸುತ್ತ ಕೂರುವುದಕ್ಕಿಂತ ಲಿಯೋನಿನ ರೈಲು ಹತ್ತುವುದು ಲೇಸು; ಎರಡು ಗಂಟೆಯ ಹಾದಿ. ನಕ್ಷತ್ರದ ಕುಲಮೂಲವನ್ನಾದರೂ ನೋಡಿ: 1900ರಲ್ಲಿ ಮಿಶೆಲಿನ್ ಗೈಡ್ ಅಚ್ಚುಹಾಕಿಸಿದ್ದು ಟೈರು ಕಂಪನಿ. ಜನ ಕಾರಿನಲ್ಲಿ ಸುತ್ತಿದಷ್ಟೂ ಟೈರು ಸವೆಯುತ್ತದೆ ಎಂಬ ಲೆಕ್ಕ. ಹೋಟೆಲಿಗೆ ನಕ್ಷತ್ರ ಅಂಟಿಸತೊಡಗಿದ್ದು 1926ರಿಂದ. ಅಂದರೆ ನಮ್ಮ ನಾಲಗೆಗೆ ದಾರಿ ತೋರಿಸುತ್ತಿರುವುದು ರಬ್ಬರು! ಲಿಯೋನಿನ ‘ಬುಶೋನ್’ ಎಂಬ ಪುಟ್ಟ ಖಾನಾವಳಿಗಳಲ್ಲಿ ಚೌಕಳಿ ಮೇಜುವಸ್ತ್ರ, ಪಕ್ಕದವರ ಮೊಣಕೈ ತಾಗುವಷ್ಟು ಒತ್ತಾದ ಕುರ್ಚಿಗಳು. ಪೈಕ್ ಮೀನನ್ನು ನುಣ್ಣಗೆ ಅರೆದು, ಮೊಟ್ಟೆ ಬೆಣ್ಣೆ ಸೇರಿಸಿ ಬೇಯಿಸಿದ ‘ಕೆನೆಲ್’ ಕೆನೆಗಟ್ಟಿದ ಸಾಸಿನಲ್ಲಿ ಕಡುಬಿನಂತೆ ಉಬ್ಬಿಕೊಂಡು ಬರುತ್ತದೆ.

ಹಾಗಾದರೆ ಲಿಯೋನಿಗೆ ನಕ್ಷತ್ರದ ಯೋಗವಿಲ್ಲವೇ ಎಂದು ಯಾರಾದರೂ ಮೂಗು ಮುರಿಯಬಹುದು. ಇಲ್ಲದೆ ಏನು? ಊರ ಹೊರಗಿನ ಪಾಲ್ ಬೊಕ್ಯೂಸ್ ಹೋಟೆಲು 1965ರಿಂದ 2020ರವರೆಗೆ ಮೂರನ್ನು ಬಿಗಿಹಿಡಿದಿತ್ತು. ಒಂದು ಉದುರಿದ ಮೇಲೂ ಒಲೆ ಆರಲಿಲ್ಲ. ಸಸ್ಯಾಹಾರಿಗಳ ತಕರಾರು ಮಾತ್ರ ನ್ಯಾಯವಾದದ್ದು: ಬುಶೋನ್ ಹಂದಿ ಮತ್ತು ಕರುಳಿನ ಸಾಮ್ರಾಜ್ಯ. ತಮಾಷೆಯೆಂದರೆ, ಅವರು ಅಲ್ಲಿ ಕೇಳಬಹುದಾದ ತಿನಿಸಿನ ಹೆಸರೇ ‘ನೇಕಾರನ ಮಿದುಳು’. ರೇಷ್ಮೆ ನೇಕಾರರ ಹೆಸರು ಹೊತ್ತ ಈ ‘ಸೆರ್ವೆಲ್ ದ ಕನ್ಯೂ’ ಹಸಿ ಚೀಸಿಗೆ ಸೊಪ್ಪು, ಬೆಳ್ಳುಳ್ಳಿ ಕಲಸಿದ್ದು, ಅಷ್ಟೇ. ನಮ್ಮ ಮೊಸರುಬಜ್ಜಿಯ ದೂರದ ದಾಯಾದಿ. (ಆ ಚೀಸಿಗೆ ಹೆಪ್ಪು ಹಾಕಿದ್ದು ಯಾವುದರಿಂದ ಎಂದು ಕೆದಕದಿದ್ದರೆ ಊಟ ಸುಖ.) ಇನ್ನು ಬಿಲ್ಲಿನ ಭಯವೇ? ಮಧ್ಯಾಹ್ನ ಹೋಗಿ, ಅದೇ ಒಲೆಯ ಅಡುಗೆ ಸಾಮಾನ್ಯವಾಗಿ ರಾತ್ರಿಗಿಂತ ಅಗ್ಗ. ಬಾಯಾರಿದರೆ ‘ಕರಾಫ್ ದೋ’ ಎನ್ನಿ, ನಲ್ಲಿನೀರು ಪುಕ್ಕಟೆ ಬರುತ್ತದೆ. ಬರೀ ‘ನೀರು’ ಎಂದರೆ ಬಾಟಲಿ ಬಂದೀತು, ಬಾಟಲಿಯ ಬೆನ್ನಿಗೆ ಬಿಲ್ಲು.