ಹ್ರಸ್ವಾವಧಿ ದ್ವೀಪಯಾನದ ಕೋಶಾತ್ಮಕ ನೆಲೆಗಳು: ಒಂದು ತಾತ್ವಿಕ ಅನುಸಂಧಾನ

ಅಂಡಮಾನಿಗೆ ಮೊದಲ ಸಲ, ಅದೂ ನಾಲ್ಕೇ ದಿನದ ಮಟ್ಟಿಗೆ, ಹೋಗಿಬರಲು ಹೊರಟ ಬೆಂಗಳೂರಿನ ಕುಟುಂಬವೊಂದರ ಯೋಜನಾ ಸಂಕಥನವನ್ನು ಬಹುಶಿಸ್ತೀಯ ನೆಲೆಯಲ್ಲಿ ಮುಖಾಮುಖಿಯಾಗುವುದು ಪ್ರಸ್ತುತ ಪ್ರಬಂಧದ ವಿನಮ್ರ ಆಶಯ. ಪ್ರಾಥಮಿಕ ಆಕರ: ನಮ್ಮ ಭಾವ ಸಿದ್ಧಪಡಿಸಿದ ಎಕ್ಸೆಲ್ ಹಾಳೆ, ಸಾಲು 41, ಬಣ್ಣ ಆರು. ಕ್ಷೇತ್ರಕಾರ್ಯ: ಸದರಿ ಹಾಳೆಯ ಕುರಿತು ನಮ್ಮ ಮನೆಯ ಹಾಲ್‌ನಲ್ಲಿ ಮೂರು ಭಾನುವಾರ ನಡೆದ ಸಭೆಗಳು. ಮೂರೂ ಸಭೆಯ ಉಪ್ಪಿಟ್ಟಿನ ಖರ್ಚು ಸಂಶೋಧಕನದೇ.

ದ್ವೀಪಯಾನಿಗಳನ್ನು ಸ್ಥೂಲವಾಗಿ ನಾಲ್ಕು ವರ್ಗಗಳಾಗಿ ವಿಂಗಡಿಸಬಹುದು. (ಅ) ಪಟ್ಟಿಪ್ರಧಾನರು: ನೋಡಿದ್ದಕ್ಕಿಂತ ಟಿಕ್ ಹಾಕಿದ್ದು ಮುಖ್ಯ. ಉದಾ: ಭಾವ. (ಆ) ಪಟಪ್ರಧಾನರು: ಸಮುದ್ರಕ್ಕೆ ಬೆನ್ನು ತಿರುಗಿಸಿ ನಿಲ್ಲಲೆಂದೇ ಸಮುದ್ರಕ್ಕೆ ಹೋಗುವವರು. ಉದಾ: ಅಕ್ಕನ ಮಗಳು. (ಇ) ಪಥ್ಯಪ್ರಧಾನರು: ಚಟ್ನಿಪುಡಿ, ಗೊಜ್ಜವಲಕ್ಕಿ, ಒಂದು ಪುಟ್ಟ ಕುಕ್ಕರು ಹೊತ್ತು ಬಂಗಾಳಕೊಲ್ಲಿ ದಾಟುವವರು. ಉದಾ: ಅತ್ತೆ. ನಾಲ್ಕನೆಯ ವರ್ಗ ನಾನು, ಟಿಕೆಟ್ಟಿನ ದುಡ್ಡು ಕಟ್ಟಿದವನು. ಅದಕ್ಕೆ ಪರಿಭಾಷೆ ಬೇಕಿಲ್ಲ.

ಇನ್ನು ನಾಮಮೀಮಾಂಸೆ. ಹಾಳೆಯಲ್ಲಿ ಹ್ಯಾವ್‌ಲಾಕ್‌ಗೆ ಒಂದು ಸಾಲು, ಸ್ವರಾಜ್ ದ್ವೀಪಕ್ಕೆ ಇನ್ನೊಂದು ಸಾಲು ಇತ್ತು. 2018ರಲ್ಲಿ ಹೆಸರು ಬದಲಾದದ್ದಷ್ಟೇ, ದ್ವೀಪ ಒಂದೇ ಎಂದು ತಿಳಿದಾಗ ಒಂದು ಟಿಕ್ ಕೈತಪ್ಪಿತಲ್ಲ ಎಂದು ಭಾವ ಸಂಜೆಯಿಡೀ ಪೆಚ್ಚಾಗಿದ್ದರು.

ಕಾಲಮೀಮಾಂಸೆ ಇನ್ನೂ ಜಟಿಲ. ಎರಡನೇ ದಿನದ ಕೋಶದಲ್ಲಿ ‘ರಾಧಾನಗರ ಬೀಚ್, ಸೂರ್ಯಾಸ್ತ, 6:15’ ಎಂದಿತ್ತು. ಅಂಡಮಾನ್ ಇರುವುದು ನಮ್ಮ ಕಾಲಮಾನದ ರೇಖೆಗಿಂತ ಸುಮಾರು 10 ಡಿಗ್ರಿ ಪೂರ್ವಕ್ಕೆ. ಗಡಿಯಾರ ದೆಹಲಿಯದು, ಸೂರ್ಯ ಅಲ್ಲಿಯವನು. ಡಿಸೆಂಬರಿನಲ್ಲಿ ಐದು ಗಂಟೆಯ ಆಸುಪಾಸಿಗೇ ಮುಳುಗಿಬಿಡುತ್ತಾನೆ. ಹೇಳಿದೆ. “ಹಂಗಾದ್ರೆ ಅವತ್ತು ಊಟ ಕಟ್ ಮಾಡೋಣ” ಎಂದರು ಭಾವ. ಪಥ್ಯಪ್ರಧಾನ ಬಣ ಸಭಾತ್ಯಾಗ ಮಾಡಿತು.

ಪ್ರಬಂಧದ ಮುಖ್ಯ ಶೋಧ ಮೊದಲ ದಿನದ ಸಾಲಿನಲ್ಲಿದೆ: ‘2:00–2:50, ಸೆಲ್ಯುಲರ್ ಜೈಲು.’ 1906ರಲ್ಲಿ ಕಟ್ಟಿ ಮುಗಿಸಿದ ಆ ಜೈಲಿಗೆ ಏಳು ರೆಕ್ಕೆಗಳಿದ್ದವು, ಈಗ ಮೂರು ಉಳಿದಿವೆ. ಒಂದೊಂದು ಕೋಣೆಯೂ ಹದಿಮೂರೂವರೆ ಅಡಿ ಉದ್ದ, ಏಳೂವರೆ ಅಡಿ ಅಗಲ. ಒಂದು ರೆಕ್ಕೆಯ ಮುಖ ಇನ್ನೊಂದರ ಬೆನ್ನಿಗೆ; ಒಬ್ಬ ಕೈದಿಗೆ ಇನ್ನೊಬ್ಬನ ಮುಖ ಕಾಣಬಾರದು. ಎಕ್ಸೆಲ್ಲಿನ ವಿನ್ಯಾಸವೂ ಇದೇ. 2:50ಕ್ಕೆ ಮುಗಿಯುವ ಜೈಲಿಗೆ 3:10ರ ಜೆಟ್ ಸ್ಕೀ ಕಾಣಿಸುವುದಿಲ್ಲ.

ನಾಲ್ಕನೇ ದಿನ: ‘ಬೆಳಗಿನ ಜಾವ 3:00. ಬಾರಾಟಂಗ್. ಸುಣ್ಣದಕಲ್ಲಿನ ಗುಹೆ, ಮಣ್ಣಿನ ಜ್ವಾಲಾಮುಖಿ, ಜಾರವಾ.’ ಟೂರ್ ಏಜೆಂಟ್ ಸ್ಪೀಕರ್ ಫೋನಿನಲ್ಲಿ ವಿವರಿಸಿದ: “ಗ್ಯಾರಂಟಿ ಕೊಡಕ್ಕಾಗಲ್ಲ ಸಾರ್. ಲಕ್ ಇದ್ರೆ ರೋಡ್ ಪಕ್ಕದಲ್ಲೇ ಕಾಣ್ತಾರೆ.” ಬಂಡೀಪುರದ ಜೀಪಿನಲ್ಲಿ ಹುಲಿಯ ಬಗ್ಗೆ ಹೇಳುವ ಮಾತು ಇದು.

ಇಲ್ಲಿ ಪರಿಭಾಷೆ ನನಗೆ ಕೈಕೊಡುತ್ತದೆ. ಜಾರವಾ ಎಂದರೆ ಅಲ್ಲಿನ ಕಾಡಿನ ಆದಿವಾಸಿಗಳು. ಅವರು ಮನುಷ್ಯರು ಕಣ್ರೀ. ಇರುವುದೇ ಕೆಲವು ನೂರು ಜನ. ಅವರ ಕಾಡನ್ನು ಸೀಳಿ ಹೋಗುವ ಟ್ರಂಕ್ ರಸ್ತೆಯನ್ನು ಆ ಭಾಗದಲ್ಲಿ ಮುಚ್ಚಿ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2002ರಲ್ಲಿ. ರಸ್ತೆ ಮುಚ್ಚಲಿಲ್ಲ, ಜಿರ್ಕಾಟಂಗ್ ಚೆಕ್‌ಪೋಸ್ಟಿನಲ್ಲಿ ಕತ್ತಲಿರುವಾಗಲೇ ಗಾಡಿಗಳ ಸಾಲು. ಹೊರಗಿನವರೊಡನೆ ಅವರು ಬೆರೆಯತೊಡಗಿದ ಒಂದೆರಡು ವರ್ಷದಲ್ಲೇ, 1999ರಲ್ಲಿ, ದಡಾರ ಹಬ್ಬಿತು. ಫೋಟೊ ತೆಗೆಯಬಾರದು, ಗಾಡಿ ನಿಲ್ಲಿಸಬಾರದು ಎಂಬ ನಿಯಮಗಳನ್ನೂ ಆ ಏಜೆಂಟ್ ಪ್ಯಾಕೇಜಿನ ಥ್ರಿಲ್ ಎಂಬಂತೆಯೇ ಹೇಳಿದ.

ಅದೇ ದ್ವೀಪಗಳಲ್ಲಿ 2010ರ ಜನವರಿಯಲ್ಲಿ ಬೋವಾ ಸೀನಿಯರ್ ಎಂಬ ಅಜ್ಜಿ ತೀರಿಕೊಂಡರು. 2004ರ ಸುನಾಮಿಯನ್ನೂ ದಾಟಿ ಬದುಕಿದ್ದವರು. ಬೋ ಭಾಷೆ ಆಡುತ್ತಿದ್ದ ಕೊನೆಯ ಜೀವ. ಮಾತಿಗೆ ಯಾರೂ ಇಲ್ಲದೆ ಹಕ್ಕಿಗಳ ಜೊತೆ ಮಾತಾಡುತ್ತಿದ್ದರಂತೆ. ಅವರ ನುಡಿಯನ್ನು ದಾಖಲಿಸಿಕೊಂಡ ಭಾಷಾವಿಜ್ಞಾನಿ ಅನ್ವಿತಾ ಅಬ್ಬಿ ಹೇಳಿದ್ದು ಇದು. ನಮ್ಮ ಅತ್ತೆ ನಡುಮನೆಯಿಂದ “ನೀರು ತಗೊಂಬಾರೇ” ಎಂದರೆ ಅಡುಗೆಮನೆಯಿಂದ “ಬಂದೆ” ಎಂಬ ದನಿ ಬರುತ್ತದೆ. ಆ ಅಜ್ಜಿ ತಮ್ಮ ಮಾತಿನಲ್ಲಿ ನೀರು ಕೇಳಿ ಎಷ್ಟು ವರ್ಷವಾಗಿತ್ತೋ.

ಮೂರನೇ ಭಾನುವಾರ ನಾಲ್ಕನೇ ದಿನದ ಸಾಲನ್ನು ನಾನೇ ಅಳಿಸಿದೆ.

“ಅಲ್ಲಿಗೆ ಏನು ಹಾಕ್ತೀಯೋ?” ಎಂದರು ಭಾವ.

“ಏನೂ ಬೇಡ ಭಾವ. ಸುಮ್ನೆ ಸಮುದ್ರದ ಹತ್ರ ಕೂತ್ಕೊಳ್ಳೋಣ.”

“ಖಾಲಿ ಬಿಟ್ರೆ ಕೆಳಗಡೆ ಟೋಟಲ್ ತಪ್ಪುತ್ತೆ ಕಣೋ,” ಎಂದು ಕನ್ನಡಕ ಏರಿಸಿಕೊಂಡು ಟೈಪ್ ಮಾಡಿದರು: ‘6:00–11:40, ಸುಮ್ಮನಿರುವುದು.’ ಆಮೇಲೆ ಆ ಕೋಶಕ್ಕೆ ಹಸಿರು ಬಣ್ಣ ತುಂಬಿದರು.